ಉಣ್ಣೆಯ ಲೆಕ್ಕವೂ ವ್ಯಾಪಾರದ ಲೆಕ್ಕವೇ

ಈ ಪತ್ರಿಕೆಯ ಪುಟಗಳಲ್ಲಿ ಸಾಮಾನ್ಯವಾಗಿ ತೆರಿಗೆ, ಬಡ್ಡಿದರ, ವಿದ್ಯುತ್ ಪೂರೈಕೆ, ಸಾಗಣೆ ವೆಚ್ಚ ಮೊದಲಾದ ವಿಷಯಗಳೇ ಚರ್ಚೆಗೆ ಬರುತ್ತವೆ. ಕಾಡಿನ ತರಗೆಲೆಗಳ ನಡುವೆ ಅಡಗಿ ಕುಳಿತಿರುವ, ಸಾಸಿವೆ ಕಾಳಿಗಿಂತಲೂ ಸಣ್ಣದಾದ ಉಣ್ಣೆಯೊಂದರ ಬಗ್ಗೆ ವರ್ತಕರ ಪತ್ರಿಕೆಯಲ್ಲಿ ಬರೆಯುವುದು ಹಲವರಿಗೆ ಅಪ್ರಸ್ತುತವೆನಿಸಬಹುದು. ಆದರೆ ಅಡಿಕೆ, ಗೇರು, ಕಾಳುಮೆಣಸು, ಏಲಕ್ಕಿ, ಮರಮುಟ್ಟು ಹಾಗೂ ಕಿರು ಅರಣ್ಯೋತ್ಪನ್ನಗಳನ್ನು ಅವಲಂಬಿಸಿದ ಪಶ್ಚಿಮ ಘಟ್ಟದ ವಾಣಿಜ್ಯಕ್ಕೆ ಈ ಉಣ್ಣೆ ಆರು ದಶಕಗಳಿಗೂ ಮೀರಿದ ಹಳೆಯ ಸಾಲಗಾರ. ಪ್ರತಿ ವರ್ಷ ಚಳಿಗಾಲ ಬಂದೊಡನೆ ಅದು ವಸೂಲಿಗೆ ಹೊರಡುತ್ತದೆ. ಎಷ್ಟು ವಸೂಲು ಮಾಡಿತೆಂಬುದು ನಮಗೆ ತಿಳಿಯುವುದು ಮಾತ್ರ ಮಳೆಗಾಲ ಆರಂಭವಾದ ಮೇಲೆ.

ಕ್ಯಾಸನೂರು ಅರಣ್ಯ ಕಾಯಿಲೆ, ಅರ್ಥಾತ್ ಜನರ ಬಾಯಲ್ಲಿ ಮಂಗನ ಕಾಯಿಲೆ, ಬೆಳಕಿಗೆ ಬಂದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಪರಿಸರದಲ್ಲಿ. ಮಂಗಗಳು ಸಾಲುಸಾಲಾಗಿ ಸತ್ತವು. ಅವುಗಳ ಬೆನ್ನಲ್ಲೇ ಮನುಷ್ಯರು ಜ್ವರದಿಂದ ಮಲಗಿದರು. ಆಫ್ರಿಕಾದ ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೇ ಎಂಬ ಆತಂಕ ಆಗ ತಜ್ಞರನ್ನು ಕಾಡಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್‌ಫರ್ಡ್ ವರ್ಕ್ ಹಾಗೂ ಹೆರಾಲ್ಡ್ ಟ್ರಾಪಿಡೊ ಮೊದಲಾದ ವಿಜ್ಞಾನಿಗಳು ಸ್ಥಳಕ್ಕೆ ಬಂದು, ಇದು ಸೊಳ್ಳೆಯಿಂದಲ್ಲ, ಉಣ್ಣೆಯಿಂದ ಹರಡುವ ಬೇರೆಯೇ ಒಂದು ವೈರಸ್ ಎಂದು ತೋರಿಸಿಕೊಟ್ಟರು. ರಷ್ಯಾದ ಕಾಡುಗಳಲ್ಲಿ ಕಂಡುಬರುವ ಮಿದುಳು ಜ್ವರದ ವೈರಸ್ಸಿಗೆ ಇದು ದಾಯಾದಿಯಾದುದರಿಂದ, ವಲಸೆ ಹಕ್ಕಿಗಳು ಇದನ್ನು ಹೊತ್ತು ತಂದವೇ ಎಂಬ ಪ್ರಶ್ನೆಯೂ ಎದ್ದಿತು. ಸಲೀಂ ಅಲಿಯವರ ನೇತೃತ್ವದಲ್ಲಿ ನಡೆದ ಹಕ್ಕಿ ವಲಸೆಯ ಅಧ್ಯಯನಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ನೆರವು ದೊರೆತದ್ದರ ಹಿಂದೆಯೂ ಈ ಪ್ರಶ್ನೆಯಿತ್ತು. ಸೊರಬದ ಒಂದು ಕಾಡಿನ ಹೆಸರು ಜಗತ್ತಿನ ವೈದ್ಯಗ್ರಂಥಗಳಲ್ಲಿ ಸೇರಿಹೋಯಿತು. ಇಂತಹ ಕೀರ್ತಿಯನ್ನು ಯಾವ ಊರೂ ಬಯಸಲಾರದು.

ಕಾಯಿಲೆಯ ಸ್ವರೂಪವನ್ನು ಸಂಕ್ಷಿಪ್ತವಾಗಿ ಹೇಳುವುದಾದರೆ: ಸೋಂಕು ತಗಲಿದ ಮೂರರಿಂದ ಎಂಟು ದಿನಗಳಲ್ಲಿ ಹಠಾತ್ತಾಗಿ ತೀವ್ರ ಜ್ವರ, ತಲೆನೋವು, ಅಸಹನೀಯ ಮೈಕೈ ನೋವು, ಕೆಲವರಲ್ಲಿ ರಕ್ತಸ್ರಾವ, ಇನ್ನು ಕೆಲವರಲ್ಲಿ ಜ್ವರ ಇಳಿದ ಒಂದೆರಡು ವಾರಗಳ ನಂತರ ನರಮಂಡಲಕ್ಕೆ ತಟ್ಟುವ ಎರಡನೆಯ ಸುತ್ತು. ನೂರು ರೋಗಿಗಳಲ್ಲಿ ಮೂರರಿಂದ ಐವರು ಸಾಯುತ್ತಾರೆ. ಬದುಕಿದವರೂ ತಿಂಗಳುಗಟ್ಟಲೆ ದುಡಿಯುವ ಶಕ್ತಿಯನ್ನು ಕಳೆದುಕೊಳ್ಳುತ್ತಾರೆ. ಇದಕ್ಕೆಂದೇ ಮೀಸಲಾದ ಔಷಧಿ ಇಲ್ಲ. ದಶಕಗಳ ಕಾಲ ಬಳಕೆಯಲ್ಲಿದ್ದ ಲಸಿಕೆಯನ್ನು, ಅದರ ಪರಿಣಾಮ ಸಾಲದೆಂಬ ಕಾರಣಕ್ಕೆ, 2022ರಲ್ಲಿ ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆ ಹೊಸ ಲಸಿಕೆಯನ್ನು ಸಿದ್ಧಪಡಿಸುವ ಕಾರ್ಯದಲ್ಲಿ ತೊಡಗಿವೆ, ಅದು ಯಶಸ್ವಿಯಾಗಲಿ. ಆದರೆ ಬರಲಿರುವ ಸರಕನ್ನು ನಂಬಿ ಇಂದಿನ ಅಂಗಡಿಯ ಬಾಗಿಲು ತೆರೆದಿಟ್ಟು ಹೋಗುವ ವರ್ತಕನಿಲ್ಲ. ಲಸಿಕೆಯಿಲ್ಲದ ಈ ಅವಧಿಯಲ್ಲಿ ನಮಗುಳಿದಿರುವ ಮುಖ್ಯ ರಕ್ಷಣೆಯೆಂದರೆ, ರೋಗಾಣು ಎಲ್ಲಿದೆ ಎಂಬುದನ್ನು ಮನುಷ್ಯನಿಗೆ ತಗಲುವ ಮೊದಲೇ ತಿಳಿದುಕೊಂಡು ಎಚ್ಚರ ವಹಿಸುವುದು. ಈ ಲೇಖನದ ವಾದವೆಲ್ಲ ಇಷ್ಟರಲ್ಲಿಯೇ ಇದೆ.

ಹಾಗಾದರೆ ಈಗ ಯಾರೂ ನೋಡುತ್ತಿಲ್ಲವೇ? ನೋಡುತ್ತಿದ್ದಾರೆ. ಶಿವಮೊಗ್ಗದಲ್ಲಿ ಇದಕ್ಕೆಂದೇ ವೈರಸ್ ಪತ್ತೆ ಪ್ರಯೋಗಾಲಯವಿದೆ. ಆರೋಗ್ಯ ಇಲಾಖೆಯ ಸಿಬ್ಬಂದಿ ಕಾಡಿನಂಚಿನಲ್ಲಿ ಬಿಳಿಯ ಫ್ಲಾನೆಲ್ ಬಟ್ಟೆಯನ್ನು ಹುಲ್ಲು ಹಾಗೂ ತರಗೆಲೆಯ ಮೇಲೆ ಎಳೆದು, ಅದಕ್ಕೆ ಅಂಟಿದ ಉಣ್ಣೆಗಳನ್ನು ಚಿಮಟದಿಂದ ಹೆಕ್ಕಿ, ಸೀಸೆಗಳಲ್ಲಿ ತುಂಬಿ, ಜಾತಿವಾರು ವಿಂಗಡಿಸಿ, ಹತ್ತಾರನ್ನು ಒಂದು ಗುಂಪಾಗಿ ಮಾಡಿ ಪರೀಕ್ಷೆಗೆ ಒಳಪಡಿಸುತ್ತಾರೆ. ಮೈಮೇಲೆ ಉಣ್ಣೆ ಹತ್ತಿಸಿಕೊಂಡೇ ಮಾಡಬೇಕಾದ ಕೆಲಸವದು. ಆ ಸಿಬ್ಬಂದಿಯ ಬಗ್ಗೆ ನಮಗೆ ಗೌರವವಿರಬೇಕು. ಆಕ್ಷೇಪವಿರುವುದು ವ್ಯವಸ್ಥೆಯ ಒಲವಿನ ಬಗ್ಗೆ. ಪ್ರಾಯೋಗಿಕವಾಗಿ ಇಡೀ ಎಚ್ಚರಿಕೆಯ ಗಂಟೆಯನ್ನು ಕಟ್ಟಿರುವುದು ಮಂಗದ ಕೊರಳಿಗೆ. ಮಂಗ ಸತ್ತ ಸುದ್ದಿ ಬರಬೇಕು, ಆಗ ಶವಪರೀಕ್ಷೆ, ಆಗ ಸುತ್ತಲಿನ ನೆಲಕ್ಕೆ ಮೆಲಾಥಿಯಾನ್ ಪುಡಿ, ಆಗ ಜನರಿಗೆ ತಿಳಿವಳಿಕೆ.

ಮಂಗದ ಸಾವನ್ನು ಸೂಚನೆಯೆಂದು ಬಗೆಯುವುದರಲ್ಲಿ ತಪ್ಪಿಲ್ಲ. ಅದು ನಿಜವಾದ ಸೂಚನೆಯೇ. ಸತ್ತ ಮಂಗದ ಮೈಯಿಂದ ಉದುರುವ ಸೋಂಕಿತ ಉಣ್ಣೆಗಳು ಆ ಸ್ಥಳವನ್ನೇ ರೋಗದ ಗೂಡನ್ನಾಗಿ ಮಾರ್ಪಡಿಸುತ್ತವೆ. ಆದರೆ ಇದು ತಡವಾದ ಸೂಚನೆ. ಮಂಗ ಸಾಯುವ ವೇಳೆಗೆ ಅಲ್ಲಿನ ಉಣ್ಣೆಗಳಲ್ಲಿ ವೈರಸ್ ಆಗಲೇ ನೆಲೆಯೂರಿರುತ್ತದೆ. ದಟ್ಟ ಕಾಡಿನೊಳಗೆ ಸತ್ತ ಮಂಗ ಯಾರ ಕಣ್ಣಿಗೂ ಬೀಳುವುದಿಲ್ಲ. ಬಿದ್ದರೂ ಕೊಳೆತ ಶವದಿಂದ ಪರೀಕ್ಷೆಗೆ ಯೋಗ್ಯವಾದ ಮಾದರಿ ದೊರೆಯುವುದಿಲ್ಲ. ಇನ್ನು ತೋಟದ ಮೂಲೆಯಲ್ಲಿ ಸತ್ತರೆ, ಇಲಾಖೆಯವರು ಬಂದು ಗಲಾಟೆಯಾದೀತು, ಕೊನೆಕೊಯ್ಲಿಗೆ ಆಳು ಸಿಗದೆ ಹೋದೀತು ಎಂದು ಸದ್ದಿಲ್ಲದೆ ಗುಂಡಿ ತೋಡುವವರೂ ಉಂಟು. ಇದನ್ನು ಬರೆಯಲು ಸಂಕೋಚವೆನಿಸಿದರೂ, ನಮ್ಮ ಮಂಡಿಗಳಲ್ಲಿ ಈ ಮಾತು ಯಾರಿಗೂ ಹೊಸದಲ್ಲ.

ಉಣ್ಣೆಯ ಜೀವನಚಕ್ರವನ್ನು ತಿಳಿದವರಿಗೆ ಇದಕ್ಕಿಂತ ಮುಂಚಿನ ಸೂಚನೆ ಎಲ್ಲಿ ದೊರೆಯುತ್ತದೆಂಬುದು ಸ್ಪಷ್ಟವಾಗುತ್ತದೆ. ಹೀಮೊಫೈಸಾಲಿಸ್ ಸ್ಪಿನಿಜೆರಾ ಎಂಬ ಈ ಉಣ್ಣೆ ತನ್ನ ಬಾಳಿನಲ್ಲಿ ಮೂರು ಬಾರಿ ಮೂರು ಬೇರೆ ಬೇರೆ ಪ್ರಾಣಿಗಳ ರಕ್ತ ಹೀರುತ್ತದೆ. ಬೆಳೆದ ಉಣ್ಣೆಗಳು ಮಳೆಗಾಲದಲ್ಲಿ ದನಕರುಗಳಂತಹ ದೊಡ್ಡ ಪ್ರಾಣಿಗಳನ್ನು ಹತ್ತುತ್ತವೆ, ರಕ್ತ ಹೀರಿ ನೆಲಕ್ಕುದುರಿ ಮೊಟ್ಟೆಯಿಡುತ್ತವೆ. ಮಳೆ ನಿಂತ ಮೇಲೆ ಹೊರಬರುವ ಆರು ಕಾಲಿನ ಮರಿಗಳು ಇಲಿ, ಮೂಗಿಲಿ, ಹಕ್ಕಿ, ಮಂಗಗಳನ್ನು ಅವಲಂಬಿಸುತ್ತವೆ. ವೈರಸ್ ಸೇರುವುದು ಮುಖ್ಯವಾಗಿ ಈ ಹಂತದಲ್ಲಿ. ಆ ಮರಿ ಪೊರೆ ಕಳಚಿ ಎಂಟು ಕಾಲಿನ ಎಳೆ ಉಣ್ಣೆಯಾದಾಗ ವೈರಸ್ ಅದರೊಳಗೇ ಉಳಿದಿರುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಕೂಲಿಕಾರನ ಕಣಕಾಲಿಗೆ ಕಚ್ಚುವುದು ಈ ಎಳೆ ಉಣ್ಣೆಯೇ. ಅಂದರೆ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಕಾಡಿನಂಚು, ಸೊಪ್ಪಿನ ಬೆಟ್ಟ, ಗೋಮಾಳ ಹಾಗೂ ತೋಟಗಳಿಂದ ಕ್ರಮಬದ್ಧವಾಗಿ ಉಣ್ಣೆಗಳನ್ನು ಸಂಗ್ರಹಿಸಿ ಪರೀಕ್ಷಿಸಿದರೆ, ಮುಂಬರುವ ಋತುವಿನ ಅಪಾಯದ ನಕ್ಷೆಯ ಮೊದಲ ಕರಡು ನಮ್ಮ ಕೈಯಲ್ಲಿರುತ್ತದೆ.

ಈಗ ನಮ್ಮ ವ್ಯಾಪಾರದ ಪಂಚಾಂಗವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿರಿ. ಅಡಿಕೆಯ ಕೊನೆಕೊಯ್ಲು ಮಳೆಗಾಲ ಕಳೆದ ಮೇಲಿನ ತಿಂಗಳುಗಳಲ್ಲಿ. ಗೇರು ಕೊಯ್ಲು ಫೆಬ್ರವರಿಯಿಂದ ಮೇವರೆಗೆ. ಮೆಣಸು, ಸೀಗೆ, ಜೇನು, ಸೌದೆ, ದರಕು ಎಲ್ಲವೂ ಬೇಸಿಗೆಯವು. ನಮ್ಮ ಸರಕು ಕೈಗೆ ಬರುವ ತಿಂಗಳುಗಳೂ ಎಳೆ ಉಣ್ಣೆ ಕಚ್ಚುವ ತಿಂಗಳುಗಳೂ ಹೆಚ್ಚುಕಡಿಮೆ ಒಂದೇ. ಬೇರೆ ಯಾವ ಉದ್ದಿಮೆಗೂ ತನ್ನ ಸುಗ್ಗಿಯ ಜೊತೆಗೇ ತಪ್ಪದೆ ಬರುವ ಇಂತಹ ಗಂಡಾಂತರ ಇದ್ದಂತಿಲ್ಲ.

ಇದರ ಬೆಲೆ ಎಷ್ಟೆಂಬುದಕ್ಕೆ ಬೆಳ್ತಂಗಡಿಯ ಉದಾಹರಣೆ ಸಾಕು. ದಕ್ಷಿಣ ಕನ್ನಡದ ಆ ತಾಲ್ಲೂಕಿನ ನಿಡ್ಲೆಯ ಬಳಿ ಗೇರು ನೆಡುತೋಪಿಗಾಗಿ ಕಾಡನ್ನು ಕಡಿದ ಬೆನ್ನಿಗೇ 1983ರ ಸುಮಾರಿನಲ್ಲಿ ಮಂಗನ ಕಾಯಿಲೆ ಸ್ಫೋಟಿಸಿ, ಸಾವಿರದ ಐನೂರಕ್ಕೂ ಹೆಚ್ಚು ಜನ ರೋಗಕ್ಕೀಡಾದರು. ಸುಮಾರು 150 ಮಂದಿ ತೀರಿಕೊಂಡರು. ಈ ಕಾಯಿಲೆಯ ಚರಿತ್ರೆಯಲ್ಲೇ ಅತಿ ಘೋರವಾದ ಪ್ರಕರಣವಿದು. ಕಾಡು ಕಡಿದು ದನ ಮೇಯಿಸುವ ಅಂಚುಗಳು ಹೆಚ್ಚಿದಂತೆ ಉಣ್ಣೆಯ ಸಂತತಿಯೂ ಹೆಚ್ಚುತ್ತದೆಂದು ಬೋಶೆಲ್ ಎಂಬ ವಿಜ್ಞಾನಿ 1969ರಲ್ಲೇ ಬರೆದಿದ್ದರು. ಆ ಎಚ್ಚರಿಕೆ ಯೋಜನೆ ರೂಪಿಸುವವರ ಮೇಜಿಗೆ ತಲುಪಿರಲಿಲ್ಲ, ಅಥವಾ ತಲುಪಿದರೂ ಓದುವ ವ್ಯವಧಾನವಿರಲಿಲ್ಲ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನವೂ ಇದೇ ದಿಕ್ಕಿನಲ್ಲಿ ಬೆರಳು ತೋರಿಸಿತು: ನಿತ್ಯಹರಿದ್ವರ್ಣ ಕಾಡು, ನೆಡುತೋಪು, ನಾಡದನಗಳ ಸಾಂದ್ರತೆ ಇವು ಬೆರೆತುಕೊಂಡಿರುವ ಮಿಶ್ರ ಭೂಮಿಯಲ್ಲಿಯೇ ಅಪಾಯ ಹೆಚ್ಚು. ದನದ ಮೈಯಲ್ಲಿ ವೈರಸ್ ಬೆಳೆಯುವುದಿಲ್ಲ, ಉಣ್ಣೆ ಮಾತ್ರ ಬೆಳೆಯುತ್ತದೆ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಹಾಲಿನ ಬಗ್ಗೆ ಅನಗತ್ಯವಾದ ಭೀತಿ ಹುಟ್ಟಿಸುವುದು ಯಾರಿಗೂ ಹಿತವಲ್ಲ.

ಒಂದು ಕಾಲಕ್ಕೆ ಸಾಗರ, ಸೊರಬಗಳ ಕಾಯಿಲೆಯಾಗಿದ್ದುದು ಉತ್ತರ ಕನ್ನಡ, ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರುಗಳಿಗೆ ವ್ಯಾಪಿಸಿ, 2012ರ ಕೊನೆಯಲ್ಲಿ ಬಂಡೀಪುರದಲ್ಲಿಯೂ ನೀಲಗಿರಿಯಲ್ಲಿಯೂ, ಅನಂತರ ಕೇರಳದ ವಯನಾಡಿನಲ್ಲಿಯೂ ಕಾಣಿಸಿಕೊಂಡಿತು. 2015ರಲ್ಲಿ ಗೋವೆಯ ಸತ್ತರಿ ತಾಲ್ಲೂಕು. 2016ರಲ್ಲಿ ಮಹಾರಾಷ್ಟ್ರದ ದೋಡಾಮಾರ್ಗ. ಅದೇ ವರ್ಷ ನಮ್ಮ ಬೆಳಗಾವಿ ಜಿಲ್ಲೆಯಿಂದ ಗೋವೆಯ ಗೇರುತೋಟಗಳಿಗೆ ದುಡಿಯಲು ಹೋಗಿದ್ದ ಕಾರ್ಮಿಕರು ಜ್ವರ ಹೊತ್ತು ಊರಿಗೆ ಮರಳಿದರು. ಪರೀಕ್ಷಿಸಿದಾಗ ತಿಳಿದದ್ದು ಮಂಗನ ಕಾಯಿಲೆ. ಈ ಪ್ರಕರಣವನ್ನು ನಮ್ಮ ಸದಸ್ಯರು ವಿಶೇಷವಾಗಿ ಗಮನಿಸಬೇಕು. ರೋಗ ತಗಲಿದ್ದು ಒಂದು ರಾಜ್ಯದಲ್ಲಿ, ಮಲಗಿದ್ದು ಇನ್ನೊಂದು ರಾಜ್ಯದಲ್ಲಿ. ಎರಡರ ನಡುವೆ ಇದ್ದದ್ದು ಗೇರು ವ್ಯಾಪಾರದ ಕೂಲಿ ಸಂಬಂಧ. ಈ ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲವಾದುದರಿಂದ ಆ ಊರುಗಳಿಗೆ ಭಯವಿರಲಿಲ್ಲ. ಆದರೆ ಮಲೆನಾಡಿನಿಂದ ದೂರದ ವೈದ್ಯರೊಬ್ಬರು ಇಂತಹ ರೋಗಿಯನ್ನು ಕಂಡಾಗ ಮೊದಲು ಡೆಂಗಿ ಎಂದೋ ಇಲಿಜ್ವರ ಎಂದೋ ಬಗೆದರೆ ಅವರನ್ನು ದೂರುವುದು ಕಷ್ಟ. ಕಾರ್ಮಿಕ ಎಲ್ಲಿ ದುಡಿದು ಬಂದನೆಂಬ ಒಂದು ಸಾಲಿನ ಮಾಹಿತಿ ಅಲ್ಲಿ ಔಷಧಿಯಷ್ಟೇ ಮುಖ್ಯವಾಗುತ್ತದೆ, ಮತ್ತು ಆ ಒಂದು ಸಾಲು ಇರುವುದು ಗುತ್ತಿಗೆದಾರನ ಪುಸ್ತಕದಲ್ಲಿ.

2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಹತ್ತಕ್ಕೂ ಹೆಚ್ಚು ಜೀವಗಳು ಹೋದಾಗ ರಾಜ್ಯದ ಗಮನವೆಲ್ಲ ಅತ್ತ ಹರಿಯಿತು. ಜೋಗದ ಆಸುಪಾಸಿನ ವಸತಿಗೃಹಗಳ ಮಾಲೀಕರನ್ನು ಕೇಳಿದರೆ, ಇಂತಹ ಸುದ್ದಿ ಬಂದ ಋತುವಿನಲ್ಲಿ ವ್ಯಾಪಾರ ಎಂತಿರುತ್ತದೆಂದು ಹೇಳಿಯಾರು.

ಇಲ್ಲಿಯೇ ನಮ್ಮಲ್ಲಿ ಕೆಲವರ ವಾದವೊಂದು ಎದುರಾಗುತ್ತದೆ, ಮತ್ತು ಅದನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಉಣ್ಣೆಯಲ್ಲಿ ವೈರಸ್ ಸಿಕ್ಕಿತೆಂದು ಊರಿನ ಹೆಸರು ಹಾಕಿ ಪ್ರಕಟಿಸಿದರೆ ಆ ಊರಿಗೆ ಆಳು ಬರುವುದಿಲ್ಲ, ಪ್ರವಾಸಿಗರು ಬರುವುದಿಲ್ಲ, ಒಬ್ಬರಿಗೂ ಜ್ವರ ಬರದಿದ್ದರೂ ಇಡೀ ಋತು ನಷ್ಟವಾಗುತ್ತದೆ ಎಂಬುದೇ ಆ ವಾದ. ಇದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಮಾಹಿತಿ ಇಲ್ಲದಿದ್ದಲ್ಲಿ ಭಯವೂ ಇರುವುದಿಲ್ಲ ಎಂದು ತಿಳಿದವರು 1994ರ ಸೂರತ್ ನಗರವನ್ನು ನೆನಪಿಸಿಕೊಳ್ಳಲಿ. ಪ್ಲೇಗಿನ ಸುದ್ದಿ ಹಬ್ಬಿದೊಡನೆ ಲಕ್ಷಾಂತರ ಜನ ಆ ನಗರವನ್ನು ತೊರೆದರು. ವಜ್ರ ಹಾಗೂ ಜವಳಿ ಉದ್ದಿಮೆಗಳು ಕೈಕಟ್ಟಿ ಕುಳಿತವು. ಹಲವು ದೇಶಗಳು ಭಾರತದ ವಿಮಾನಗಳನ್ನೂ ಸರಕನ್ನೂ ತಡೆದವು. ಮೃತರ ಸಂಖ್ಯೆ ಐವತ್ತರ ಆಸುಪಾಸು. ವ್ಯಾಪಾರಕ್ಕಾದ ಹಾನಿಯ ಲೆಕ್ಕ ಮಾತ್ರ ನೂರಾರು ಕೋಟಿಗಳಲ್ಲಿ. ರೋಗ ಎಲ್ಲಿದೆ, ಎಲ್ಲಿಲ್ಲ ಎಂದು ನಂಬಿಕೆಯಿಂದ ಹೇಳಬಲ್ಲ ನಕ್ಷೆಯೊಂದು ಕೈಯಲ್ಲಿಲ್ಲದಾಗ ವದಂತಿ ಇಡೀ ದೇಶವನ್ನೇ ರೋಗಪೀಡಿತವೆಂದು ಬರೆದುಬಿಟ್ಟಿತು. ಇಂದಿಗೂ ಒಂದು ಹೋಬಳಿಯಲ್ಲಿ ಕಾಯಿಲೆ ಬಂದರೆ ಪತ್ರಿಕೆಯ ಶೀರ್ಷಿಕೆ ಜಿಲ್ಲೆಯ ಹೆಸರಿನಲ್ಲಿ ಬರುತ್ತದೆ. ಹಳ್ಳಿವಾರು ಫಲಿತಾಂಶ ವಾರವಾರವೂ ಪ್ರಕಟವಾಗುತ್ತಿದ್ದರೆ, ಉಳಿದ ಹೋಬಳಿಗಳಿಗೆ ಅದುವೇ ಪ್ರಮಾಣಪತ್ರ.

ಆದುದರಿಂದ ಪ್ರಕಟಣೆಯಲ್ಲಿ ವೈರಸ್ ಸಿಗದ ಸ್ಥಳಗಳೂ ಇರಬೇಕು, ಎಷ್ಟು ಉಣ್ಣೆಗಳನ್ನು ಪರೀಕ್ಷಿಸಲಾಯಿತೆಂಬ ಸಂಖ್ಯೆಯೂ ಇರಬೇಕು. ಇದು ನಮಗೆ ತಿಳಿಯದ ಶಾಸ್ತ್ರವೇನಲ್ಲ. ಚೀಲಕ್ಕೆ ಕೊಳವೆ ಚುಚ್ಚಿ ಮಾದರಿ ತೆಗೆದು ಇಡೀ ಲಾಟಿನ ದರ ಕಟ್ಟುವವರು ನಾವು. ಎರಡು ಚೀಲ ನೋಡಿ ಇನ್ನೂರು ಚೀಲಕ್ಕೆ ಮಾತು ಕೊಡುವವನ ಗತಿ ಏನಾಗುತ್ತದೆಂದೂ ಬಲ್ಲೆವು. ಸೋಂಕಿತ ಉಣ್ಣೆಗಳ ಪ್ರಮಾಣ ಸಾಮಾನ್ಯವಾಗಿ ಬಹಳ ಕಡಿಮೆಯಿರುತ್ತದೆ. ಆದುದರಿಂದ ಅಲ್ಲೊಂದು ಇಲ್ಲೊಂದು ಸೀಸೆ ಪರೀಕ್ಷಿಸಿ ವೈರಸ್ ಇಲ್ಲವೆಂದರೆ ಅದಕ್ಕೆ ಬೆಲೆಯಿಲ್ಲ. ಒಂದೇ ಸ್ಥಳಕ್ಕೆ, ನಿಗದಿತ ಅವಧಿಗೊಮ್ಮೆ, ಒಂದೇ ಕ್ರಮದಲ್ಲಿ, ವರ್ಷದ ನಂತರ ವರ್ಷ ಹೋಗಿ ಎಳೆದ ಬಟ್ಟೆ ಮಾತ್ರ ನಂಬತಕ್ಕ ಮಾತನ್ನು ಹೇಳುತ್ತದೆ. ರೋಗ ಬಂದ ವರ್ಷ ಹಣ, ಬಾರದ ವರ್ಷ ಖಾಲಿ ಹುದ್ದೆ ಎಂಬ ಪದ್ಧತಿಯಲ್ಲಿ ಇದು ಸಾಧ್ಯವಿಲ್ಲ. ವೆಚ್ಚ ಹೆಚ್ಚು, ಫಲ ಕಡಿಮೆ ಎಂಬ ಅಧಿಕಾರಿಗಳ ಆಕ್ಷೇಪಣೆಗೆ ನನ್ನ ಉತ್ತರ ಇಷ್ಟೇ: ಗೋದಾಮಿಗೆ ಬೆಂಕಿ ವಿಮೆ ಕಟ್ಟುವವರು ಬೆಂಕಿ ಬೀಳದ ವರ್ಷದ ಕಂತನ್ನು ನಷ್ಟವೆಂದು ಬರೆದುಕೊಳ್ಳುವುದಿಲ್ಲ.

ಮಲೆನಾಡಿನಾಚೆಯ ಸದಸ್ಯರೂ ಇದನ್ನು ಪರಕೀಯರ ಕಷ್ಟವೆಂದು ಭಾವಿಸುವಂತಿಲ್ಲ. 2011ರ ಜನವರಿಯಲ್ಲಿ ಗುಜರಾತಿನ ಸಾನಂದದ ಬಳಿ ಕಾಣಿಸಿಕೊಂಡ ಕ್ರಿಮಿಯನ್ ಕಾಂಗೊ ಜ್ವರವೂ ಉಣ್ಣೆಯದೇ. ಅಲ್ಲಿ ರೋಗಿಯ ಶುಶ್ರೂಷೆ ಮಾಡಿದ ವೈದ್ಯರೂ ದಾದಿಯೂ ಜೀವ ತೆತ್ತರು. ಕ್ಯಾಸನೂರಿನ ವೈರಸ್ಸಿಗೆ ಅತಿ ಹತ್ತಿರದ ಬಂಧುವೊಂದು 1990ರ ದಶಕದ ಮಧ್ಯದಲ್ಲಿ ಸೌದಿ ಅರೇಬಿಯದ ಜೆಡ್ಡಾದಲ್ಲಿ ಪತ್ತೆಯಾದದ್ದು ಮಾಂಸದ ವ್ಯಾಪಾರಿಗಳ ರಕ್ತದಲ್ಲಿ. ಜಾನುವಾರು, ಚರ್ಮ, ಮಾಂಸ, ಉಣ್ಣೆಗಂಬಳಿಗಳ ವ್ಯವಹಾರದಲ್ಲಿರುವವರು ಇದರ ಅರ್ಥವನ್ನು ತಾವೇ ಮಾಡಿಕೊಳ್ಳಬಲ್ಲರು.

ಸರಕಾರ ಮಾಡಬೇಕಾದುದನ್ನು ಹೇಳಿದ ಮೇಲೆ ನಮ್ಮ ಪಾಲಿನದನ್ನೂ ಹೇಳಬೇಕಲ್ಲವೇ. ಕೆಲಸದ ಸ್ಥಳದಲ್ಲಿ ತಗಲುವ ಸಾಂಕ್ರಾಮಿಕ ರೋಗವು ಔದ್ಯೋಗಿಕ ರೋಗವೆಂದು ಪರಿಗಣಿತವಾಗಬಹುದೆಂಬುದು 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿಯೇ ಇತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಆ ಪಟ್ಟಿಯನ್ನು ಉಳಿಸಿಕೊಂಡಿದೆ. ಸೋಂಕಿನ ವಿಶೇಷ ಅಪಾಯವಿರುವ ಕೆಲಸ ಎಂಬ ಅಲ್ಲಿನ ಮಾತು, ರೋಗದ ಋತುವಿನಲ್ಲಿ ಕಾಡಿನಂಚಿನ ತೋಟಕ್ಕೆ ಆಳು ಕಳುಹಿಸುವವರಿಗೆ ಅನ್ವಯಿಸುವುದೇ ಎಂಬ ಪ್ರಶ್ನೆಯನ್ನು ನ್ಯಾಯಾಲಯ ಕೇಳುವವರೆಗೆ ನಾವು ಕಾಯಬೇಕಾಗಿಲ್ಲ. ರಕ್ಷಣಾ ಸಂಶೋಧನಾ ಸಂಸ್ಥೆ ರೂಪಿಸಿದ ಡೆಪಾ ತೈಲವನ್ನು ಆರೋಗ್ಯ ಇಲಾಖೆ ಹಂಚುತ್ತಿದೆ. ಅದು ಗೋಡೆಯ ಗೂಡಿನಲ್ಲಿ ಉಳಿಯದೆ ಆಳಿನ ಕೈಕಾಲಿಗೆ ಬೀಳುವಂತೆ ನೋಡಿಕೊಳ್ಳುವುದು ಕೆಲಸ ಕೊಟ್ಟವನ ಹೊಣೆ. ಉದ್ದತೋಳಿನ ಬಟ್ಟೆ, ಸಂಜೆ ಬಿಸಿನೀರಿನ ಸ್ನಾನಕ್ಕೆ ವ್ಯವಸ್ಥೆ, ಜ್ವರ ಬಂದವನಿಗೆ ಕೂಲಿ ಕಡಿತವಿಲ್ಲದ ರಜೆ ಇವೂ ಅಷ್ಟೇ. ಕೂಲಿ ಹೋದೀತೆಂಬ ಹೆದರಿಕೆಯಿಂದ ಜ್ವರವನ್ನು ಮುಚ್ಚಿಡುವ ಕಾರ್ಮಿಕ ಸತ್ತ ಮಂಗವನ್ನು ಮುಚ್ಚಿಡುವ ಮಾಲೀಕನಿಗಿಂತ ಹೇಗೆ ಹೆಚ್ಚು ತಪ್ಪಿತಸ್ಥನಾಗುತ್ತಾನೆ?

ದರಕಿನ ವ್ಯಾಪಾರದ ಬಗ್ಗೆ ಪ್ರತ್ಯೇಕವಾಗಿ ಒಂದು ಮಾತು. ಕಾಡಿನ ಒಣಎಲೆಯನ್ನು ಲಾರಿಗಟ್ಟಲೆ ತುಂಬಿ ದೂರದ ತೋಟಗಳಿಗೆ ಸಾಗಿಸುವುದು ಹೆಚ್ಚಿದೆ. ಉಣ್ಣೆ ತಾನಾಗಿ ನಡೆಯುವುದು ಕೆಲವೇ ಮಾರು. ಲಾರಿಯಲ್ಲಾದರೆ ಒಂದೇ ರಾತ್ರಿಯಲ್ಲಿ ಜಿಲ್ಲೆ ದಾಟುತ್ತದೆ. ವೈರಸ್ ಪತ್ತೆಯಾದ ಅಥವಾ ಮಂಗ ಸತ್ತ ಸ್ಥಳದಿಂದ ಆ ಋತುವಿನಲ್ಲಿ ದರಕು ಎತ್ತುವುದಿಲ್ಲವೆಂದು ವರ್ತಕರು ತಾವಾಗಿಯೇ ಒಪ್ಪಿಕೊಂಡರೆ ಸರಕಾರದ ನಿಷೇಧಾಜ್ಞೆಗೆ ಆಸ್ಪದವಿರುವುದಿಲ್ಲ. ಆದರೆ ಹಾಗೆ ಒಪ್ಪಿಕೊಳ್ಳಬೇಕಾದರೆ ಆ ಸ್ಥಳಗಳ ಪಟ್ಟಿ ಮೊದಲು ನಮಗೆ ದೊರೆಯಬೇಕು.

ಅಕ್ಟೋಬರಿಗೆ ಮುನ್ನ ಜಿಲ್ಲಾಡಳಿತದೊಡನೆ ನಮ್ಮ ಸಂಸ್ಥೆಯ ಪದಾಧಿಕಾರಿಗಳು ಸಭೆ ನಡೆಸಿ, ಉಣ್ಣೆ ಸಂಗ್ರಹಣೆಯ ವೇಳಾಪಟ್ಟಿಯನ್ನೂ ಫಲಿತಾಂಶ ಪ್ರಕಟಣೆಯ ದಿನವನ್ನೂ ಲಿಖಿತವಾಗಿ ಪಡೆಯಬೇಕೆಂದು ನನ್ನ ಸೂಚನೆ. ಗೋವೆ, ಸಿಂಧುದುರ್ಗ, ವಯನಾಡುಗಳ ವಾಣಿಜ್ಯ ಸಂಸ್ಥೆಗಳಿಗೂ ಇದರ ಪ್ರತಿ ಹೋಗಬೇಕು, ಏಕೆಂದರೆ ಆಳುಗಳೂ ಸರಕೂ ಅತ್ತಿತ್ತ ಹರಿಯುವುದು ನಮ್ಮ ನಿಮ್ಮ ನಡುವೆಯೇ. ಸಂಗ್ರಹಣೆಯ ವಾಹನಕ್ಕೆ ಡೀಸೆಲ್ ಇಲ್ಲವೆಂಬ ಉತ್ತರ ಬಂದರೆ, ಒಂದು ಋತುವಿನ ಡೀಸೆಲ್ಲನ್ನು ಭರಿಸುವುದು ಅಡಿಕೆ ಮಂಡಿಗಳ ಒಕ್ಕೂಟಕ್ಕೆ ಭಾರವಾಗಲಾರದು. ಆ ಖರ್ಚನ್ನು ಯಾವ ಖಾತೆಗೆ ಹಾಕಬೇಕೆಂಬುದನ್ನು ನಮ್ಮ ಲೆಕ್ಕಪರಿಶೋಧಕ ಮಿತ್ರರು ತಿಳಿಸಲಿ.